ಪ್ರಾರ್ಥನೆಗೆ ಬೇರೆ ಟೈಮ್ ಹುಡುಕಬೇಡಿ: ಕಥೋಲಿಕರ ದಿನಚರಿಗೆ ಒಂದು ಮಾರ್ಗದರ್ಶಿ

ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳದಲ್ಲಿ ನಿಂತರೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ದಿನಾ ಪ್ರಾರ್ಥನೆ ಮಾಡಬೇಕು ಅಂತ ಆಸೆ ಇದೆ, ಆದರೆ ಟೈಮೇ ಸಿಗಲ್ಲ. ಏನು ಮಾಡೋದು?" ಕೇಳುವವರು ಬೇರೆ ಬೇರೆ. ಇಬ್ಬರು ಪುಟ್ಟ ಮಕ್ಕಳ ತಾಯಿ, ನೈಟ್ ಶಿಫ್ಟ್ ಮಾಡುವ ಹುಡುಗ, ಪಿಜಿಯಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿ, ರಿಟೈರ್ ಆದಮೇಲೂ ಬಿಡುವಿಲ್ಲದ ಅಜ್ಜ. ಪ್ರಶ್ನೆ ಮಾತ್ರ ಒಂದೇ. ಅದಕ್ಕೇ ಒಂದು ಸಲ ಕೂತು ಎಲ್ಲವನ್ನೂ ಬರೆದುಬಿಡೋಣ ಅನ್ನಿಸಿತು.

ನನ್ನ ಉತ್ತರ ಇಷ್ಟೇ. ಬೇರೆ ಟೈಮ್ ಹುಡುಕಬೇಡಿ, ಅದು ಸಿಗುವುದಿಲ್ಲ. ನೀವು ಈಗಾಗಲೇ ದಿನಾ ತಪ್ಪದೆ ಮಾಡುವ ಕೆಲಸಗಳಿವೆ ಅಲ್ವಾ? ಹಾಲು ಕಾಯಿಸುವುದು, ಬಸ್ಸಿಗೆ ಕಾಯುವುದು, ಊಟಕ್ಕೆ ಕೂರುವುದು, ಗೇಟಿಗೆ ಬೀಗ ಹಾಕುವುದು. ಪ್ರಾರ್ಥನೆಯನ್ನು ಅವುಗಳ ಸೆರಗಿಗೆ ಗಂಟು ಹಾಕಿ. ಆ ಕೆಲಸ ಬಂದಾಗ ಪ್ರಾರ್ಥನೆಯೂ ಜೊತೆಗೆ ಬರುತ್ತದೆ.

ಮೊದಲು ಬೇಕಾಗುವುದು

ಜಾಸ್ತಿ ಏನೂ ಬೇಡ. ಒಂದು ಜಪಸರ ಬೇಕು, ಅಂದರೆ ಪ್ರಾರ್ಥನೆ ಎಣಿಸುವ ಮಣಿಮಾಲೆ. ಗಟ್ಟಿ ದಾರದ್ದು, ಜೇಬಿನಲ್ಲಿ ಕರ್ಚೀಫಿನ ಜೊತೆ ಇಟ್ಟರೂ ತುಂಡಾಗದಂಥದ್ದು ಸಾಕು. ಬೆಳ್ಳಿಯದು ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಒಂದು ಬೈಬಲ್ ಬೇಕು. ಇಲ್ಲಿ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಥೋಲಿಕರ ಬೈಬಲ್‌ನಲ್ಲಿ 73 ಗ್ರಂಥಗಳಿವೆ. ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಬೈಬಲ್‌ನಲ್ಲಿ 66. ಮೊಬೈಲಿನಲ್ಲಿ ಕನ್ನಡ ಬೈಬಲ್ ಎಂದು ಹುಡುಕಿದರೆ ಎರಡೂ ಬರುತ್ತವೆ. ಸುಲಭವಾಗಿ ಗುರುತಿಸಲು ಹಳೆಯ ಒಡಂಬಡಿಕೆಯ ಒಂದು ಪುಟ ತೆಗೆದು ನೋಡಿ. ದೇವರನ್ನು "ಸರ್ವೇಶ್ವರ" ಎಂದು ಕರೆದಿದ್ದರೆ ಅದು ನಾವು ಚರ್ಚಿನಲ್ಲಿ ಕೇಳುವ ಅನುವಾದದ ದಾರಿಯದು. "ಯೆಹೋವ" ಎಂದಿದ್ದರೆ ಇನ್ನೊಂದು. ಅದನ್ನು ಓದಿದರೆ ತಪ್ಪೇನಿಲ್ಲ. ಆದರೆ ಪೂಜೆಯಲ್ಲಿ ಕೇಳಿದ ಮಾತು ಮನೆಯಲ್ಲಿ ಬೇರೆಯಾಗಿ ಕಂಡರೆ ತಲೆಬಿಸಿ ಆಗುತ್ತದೆ.

ಮೂರನೆಯದು ಒಂದು ಮೂಲೆ. ನಮ್ಮ ಹೆಚ್ಚಿನ ಮನೆಗಳ ಹಾಲ್‌ನಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದರ ಕೆಳಗೆ ಒಂದು ಪುಟ್ಟ ಕೆಂಪು ಬಲ್ಬು ಇದ್ದೇ ಇರುತ್ತದೆ. ಪಿಜಿಯಲ್ಲಿದ್ದರೆ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ ಒಂದು ಶಿಲುಬೆ ಸಾಕು. ರೂಮ್‌ಮೇಟ್‌ಗೆ ಮೊದಲೇ ಒಂದು ಮಾತು ಹೇಳಿಬಿಡಿ: "ರಾತ್ರಿ ಐದು ನಿಮಿಷ ಸುಮ್ನೆ ಕೂತಿರ್ತೀನಿ." ಬೇರೆ ಧರ್ಮದವರಾದರೂ ಸಾಮಾನ್ಯವಾಗಿ ಗೌರವ ಕೊಡುತ್ತಾರೆ.

1. ಒಂದೇ ಒಂದು ಗಂಟಿನಿಂದ ಶುರು ಮಾಡಿ

ಧ್ಯಾನಕೂಟ ಮುಗಿಸಿ ಬಂದ ವಾರ ಎಲ್ಲರಿಗೂ ಹುರುಪು. ನಾಳೆಯಿಂದ ಬೆಳಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಪೂರ್ತಿ ಜಪಸರ ಮಾಡುತ್ತೇನೆ, ದಿನಾ ಪೂಜೆಗೆ ಹೋಗುತ್ತೇನೆ, ರಾತ್ರಿ ಎರಡು ಅಧ್ಯಾಯ ಓದುತ್ತೇನೆ. ಹತ್ತನೇ ದಿನಕ್ಕೆ ಎಲ್ಲವೂ ಒಟ್ಟಿಗೇ ನಿಂತುಹೋಗುತ್ತದೆ. ಆಮೇಲೆ ಪಟದ ಮುಂದೆ ನಿಲ್ಲಲೂ ನಾಚಿಕೆ.

ಮೊದಲ ಎರಡು ವಾರ ಒಂದನ್ನೇ ಆರಿಸಿ. ಕೆಳಗಿರುವ ಹಂತಗಳಲ್ಲಿ ಯಾವುದು ಸುಲಭ ಅನ್ನಿಸುತ್ತದೋ ಅದು. ಅದು ಕೈಗೆ ಹತ್ತಿದ ಮೇಲೆ ಇನ್ನೊಂದು.

ಇನ್ನೊಂದು ಮುಖ್ಯ ಮಾತು. ಒಂದು ದಿನ ತಪ್ಪಿದರೆ ಬಾಕಿ ಇಟ್ಟುಕೊಳ್ಳಬೇಡಿ. ಮಂಗಳವಾರ ಜಪಸರ ಆಗಲಿಲ್ಲ, ಆದ್ದರಿಂದ ಬುಧವಾರ ಎರಡು, ಗುರುವಾರಕ್ಕೆ ಮೂರು ಎಂದು ಲೆಕ್ಕ ಹಾಕುವವರನ್ನು ನೋಡಿದ್ದೇನೆ. ಶನಿವಾರದ ಹೊತ್ತಿಗೆ ಅದು ಬಡ್ಡಿ ಸಾಲದಂತೆ ಬೆಳೆದಿರುತ್ತದೆ, ಕೈಬಿಟ್ಟುಬಿಡುತ್ತಾರೆ. ದೇವರು ನಮ್ಮ ತಂದೆ, ಸಾಲ ಕೊಟ್ಟವರಲ್ಲ. ನಿನ್ನೆ ಮಗ ಫೋನ್ ಮಾಡಲಿಲ್ಲ ಎಂದು ಇವತ್ತು ಎರಡು ಸಲ ಮಾಡು ಅನ್ನುವ ಅಪ್ಪ ಇದ್ದಾರೆಯೇ? ಇವತ್ತಿನದನ್ನು ಇವತ್ತು ಮಾಡಿ.

2. ಬೆಳಗ್ಗೆ: ಮೊಬೈಲಿಗಿಂತ ಮೊದಲು ಶಿಲುಬೆ ಗುರುತು

ಕಣ್ಣು ಬಿಟ್ಟ ತಕ್ಷಣ, ಹಾಸಿಗೆಯಲ್ಲೇ, ಪಿತ ಸುತ ಪವಿತ್ರಾತ್ಮರ ನಾಮದಲ್ಲಿ ಶಿಲುಬೆ ಗುರುತು ಹಾಕಿಕೊಳ್ಳಿ. ಅವಸರದಲ್ಲಿ ಸೊಳ್ಳೆ ಓಡಿಸಿದಂತೆ ಬೇಡ. ಹಣೆ, ಎದೆ, ಎರಡು ಭುಜ, ನಿಧಾನವಾಗಿ. ಆಮೇಲೆ ಒಂದೇ ವಾಕ್ಯ: "ಪ್ರಭುವೇ, ಇವತ್ತಿನ ಕೆಲಸ, ಸಂತೋಷ, ನೋವು ಎಲ್ಲ ನಿಮಗೆ." ಇದನ್ನು ಪ್ರಭಾತ ಅರ್ಪಣೆ ಎನ್ನುತ್ತಾರೆ. ಅಂದರೆ ದಿನ ಶುರುವಾಗುವ ಮೊದಲೇ ಇಡೀ ದಿನವನ್ನು ದೇವರ ಕೈಗೆ ಕೊಟ್ಟುಬಿಡುವುದು. ಅರ್ಧ ನಿಮಿಷದ ಕೆಲಸ.

ಅಮ್ಮ ಇದನ್ನು ಹಾಲಿಗೆ ಗಂಟು ಹಾಕಿದ್ದರು. ಹಾಲಿನ ಪಾತ್ರೆ ಒಲೆ ಮೇಲೆ, ಇಕ್ಕಳ ಬಲಗೈಯಲ್ಲಿ, ಕಣ್ಣು ಹಾಲಿನ ಮೇಲೆ. ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಾಗ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ ಶುರು, ಕೆನೆ ಮೇಲಕ್ಕೆ ಬರುವ ಹೊತ್ತಿಗೆ ಯೇಸುವಿನ ತಾಯಿ ಮರಿಯಮ್ಮನವರಿಗೆ ಹೇಳುವ ನಮೋ ಮರಿಯಾ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹಾಲು ಒಂದು ದಿನವೂ ಉಕ್ಕಿ ಚೆಲ್ಲಲಿಲ್ಲ, ಪ್ರಾರ್ಥನೆ ಒಂದು ದಿನವೂ ತಪ್ಪಲಿಲ್ಲ. ಆವಿಲಾದ ಸಂತ ತೆರೇಸಮ್ಮನವರು 16ನೇ ಶತಮಾನದಲ್ಲೇ ತಮ್ಮ ಮಠದ ಸಿಸ್ಟರ್‌ಗಳಿಗೆ ಅಡುಗೆಮನೆಯ ಪಾತ್ರೆಗಳ ನಡುವೆಯೂ ಪ್ರಭು ಓಡಾಡುತ್ತಾರೆ ಎಂದು ಬರೆದಿದ್ದರು. ಅಮ್ಮನಿಗೆ ಆ ಮಾತು ಗೊತ್ತಿರಲಿಲ್ಲ, ಆ ದಾರಿ ಗೊತ್ತಿತ್ತು.

ನೈಟ್ ಶಿಫ್ಟಿನವರಿಗೆ ಬೆಳಗು ಅಂದರೆ ಎದ್ದ ಹೊತ್ತು. ಸಂಜೆ ನಾಲ್ಕಕ್ಕೆ ಎದ್ದರೆ ಸಂಜೆ ನಾಲ್ಕಕ್ಕೇ ಮಾಡಿ.

3. ನಡುಹಗಲು: ಸಣ್ಣ ಸಣ್ಣ ಕರೆಗಳು

ಹಳೆಯ ಚರ್ಚುಗಳಲ್ಲಿ ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಆರಕ್ಕೆ ಗಂಟೆ ಹೊಡೆಯುತ್ತಾರೆ. ಅದು ತ್ರಿಕಾಲ ಪ್ರಾರ್ಥನೆಯ ಕರೆ. ಗಾಬ್ರಿಯೇಲ ದೂತರು ಮರಿಯಮ್ಮನವರಿಗೆ ಯೇಸು ಹುಟ್ಟುವ ಸುದ್ದಿ ತಂದದ್ದನ್ನು ನೆನೆಯುವ ಮೂರು ಪುಟ್ಟ ವಾಕ್ಯಗಳು, ಪ್ರತಿ ವಾಕ್ಯದ ಹಿಂದೆ ಒಂದು ನಮೋ ಮರಿಯಾ, ಕೊನೆಗೊಂದು ಪ್ರಾರ್ಥನೆ. ಎರಡು ನಿಮಿಷ ಸಾಕು. ಗಂಟೆ ಕೇಳಿಸದ ಕಡೆ ಮೊಬೈಲಿನಲ್ಲಿ ಹನ್ನೆರಡಕ್ಕೆ ಒಂದು ಅಲಾರಂ ಇಡಿ.

ಅದೂ ಆಗದಿದ್ದರೆ ಒಂದು ಸಾಲಿನ ಪ್ರಾರ್ಥನೆ. ಮಾರ್ಕನ ಶುಭಸಂದೇಶದ, ಅಂದರೆ ಯೇಸುವಿನ ಬದುಕು ಹೇಳುವ ಬೈಬಲ್ ಗ್ರಂಥದ, 10ನೇ ಅಧ್ಯಾಯದಲ್ಲಿ ಜೆರಿಕೋ ದಾರಿಯ ಬದಿ ಕೂತ ಕುರುಡ ಬಾರ್ತಿಮಾಯ ಕೂಗುತ್ತಾನಲ್ಲ, ಯೇಸುವೇ ನನ್ನನ್ನು ಕರುಣಿಸಿ ಎಂದು, ಅದೇ. ಸಿಗ್ನಲ್‌ನಲ್ಲಿ ನಿಂತಾಗ, ಲಿಫ್ಟ್‌ಗೆ ಕಾಯುವಾಗ, ಸಿಟ್ಟು ಬಂದು ಮೆಸೇಜ್ ಕಳಿಸುವ ಮೊದಲು. ಆಂಬುಲೆನ್ಸ್ ಸದ್ದು ಕೇಳಿದರೆ ಒಳಗಿರುವವರಿಗಾಗಿ ಒಂದು ನಮೋ ಮರಿಯಾ ಹೇಳಿ.

ಊಟಕ್ಕೆ ಮೊದಲು ಶಿಲುಬೆ ಗುರುತು ಹಾಕಲು ಆಫೀಸ್ ಕ್ಯಾಂಟೀನಿನಲ್ಲಿ ಸಂಕೋಚವೇ? ದೊಡ್ಡದಾಗಿ ಮಾಡಬೇಕಿಲ್ಲ, ಅಡಗಿಸಬೇಕೂ ಇಲ್ಲ. ಮನೆಯಲ್ಲಿ ಮಾಡುವ ಹಾಗೇ ಮಾಡಿ. ಎರಡು ದಿನ ನೋಡುತ್ತಾರೆ, ಮೂರನೇ ದಿನ ನೀವು ಮುಗಿಸುವ ತನಕ ಅವರೇ ಕಾಯುತ್ತಾರೆ.

ಎಚ್ಚರಿಕೆ: "ಈ ಪ್ರಾರ್ಥನೆಯನ್ನು 9 ಜನಕ್ಕೆ ಕಳಿಸಿ, ಇಲ್ಲದಿದ್ದರೆ ಕೆಟ್ಟದಾಗುತ್ತದೆ" ಎಂಬ ವಾಟ್ಸಾಪ್ ಮೆಸೇಜುಗಳು ಬಂದರೆ ಅಳಿಸಿಹಾಕಿ. ಹೆದರಿಸಿ ಹೇಳಿಸುವುದು ಪ್ರಾರ್ಥನೆಯಲ್ಲ, ಮೂಢನಂಬಿಕೆ. ಕಥೋಲಿಕ ಧರ್ಮಸಭೆ ಅದನ್ನು ಒಪ್ಪುವುದಿಲ್ಲ.

4. ಸಂಜೆಯ ಜಪಸರ

ಅತಿ ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆಯೇ. ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಐದು ದಶಕಗಳು. ಒಂದು ದಶಕ ಅಂದರೆ ಒಂದು ಪರಲೋಕ ಪ್ರಾರ್ಥನೆ, ಹತ್ತು ನಮೋ ಮರಿಯಾ, ಪಿತ ಸುತ ಪವಿತ್ರಾತ್ಮರನ್ನು ಕೊಂಡಾಡುವ ಒಂದು ತ್ರಿತ್ವ ಸ್ತುತಿ. ಪ್ರತಿ ದಶಕಕ್ಕೂ ಒಂದು ರಹಸ್ಯ, ಅಂದರೆ ಯೇಸು ಮತ್ತು ಮರಿಯಮ್ಮನವರ ಬದುಕಿನ ಒಂದು ಘಟನೆ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಭಾನುವಾರ ಮಹಿಮೆಯವು, ಗುರುವಾರ ಬೆಳಕಿನವು. ಅಜ್ಜಿಯ ಹಳೇ ಜಪದ ಪುಸ್ತಕದಲ್ಲಿ ಬೆಳಕಿನ ರಹಸ್ಯಗಳು ಇಲ್ಲವಲ್ಲ ಎಂದು ಕೇಳುತ್ತಾರೆ. ಅವನ್ನು ಪೋಪ್ ಎರಡನೇ ಜಾನ್ ಪಾಲ್ ಅವರು ಸೇರಿಸಿದ್ದು 2002ರಲ್ಲಿ.

ಪೂರ್ತಿ ಜಪಸರಕ್ಕೆ ಸುಮಾರು 20 ನಿಮಿಷ ಬೇಕು. ಸಿಗದಿದ್ದರೆ ಒಂದೇ ದಶಕ ಮಾಡಿ. ಮೂರು ನಾಲ್ಕು ನಿಮಿಷ. ಬೈಕ್ ಓಡಿಸುವಾಗ ಮಣಿ ಎಣಿಸಬೇಡಿ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಬೆರಳೆಣಿಕೆ ಸಾಕು, ಹತ್ತು ಬೆರಳು ಇದ್ದೇ ಇವೆ.

"ಅದದೇ ಮಾತು ಐವತ್ತು ಸಲ ಹೇಳಿ ಏನು ಪ್ರಯೋಜನ?" ಎಂದು ಹದಿಹರೆಯದ ಮಕ್ಕಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬಾಯಿಗೆ ಮಾತು ಕೊಡುವುದು ಮನಸ್ಸು ಘಟನೆಯ ಮುಂದೆ ಕೂರಲಿ ಎಂದು. ಸಂತೋಷದ ಎರಡನೇ ರಹಸ್ಯ ತೆಗೆದುಕೊಳ್ಳಿ, ಮರಿಯಮ್ಮನವರು ಎಲಿಜಬೇತಮ್ಮನವರ ಮನೆಗೆ ಹೋದದ್ದು. ಹತ್ತು ಮಣಿ ಉರುಳುವ ತನಕ ಅಷ್ಟನ್ನೇ ನೋಡಿ. ಸಣ್ಣ ವಯಸ್ಸಿನ ಹೆಣ್ಣುಮಗಳು, ಹೊಸ ಬಸುರಿ, ಬೆಟ್ಟದ ಸೀಮೆಯ ದಾರಿ. ಅಲ್ಲಿ ವಯಸ್ಸಾದ ಬಂಧು, ಆರು ತಿಂಗಳ ಬಸುರಿ. ಲೂಕನ ಶುಭಸಂದೇಶದ ಪ್ರಕಾರ ಮರಿಯಮ್ಮನವರು ಅಲ್ಲಿ ಸುಮಾರು ಮೂರು ತಿಂಗಳು ಇದ್ದರು. ನೀರು ಸೇದಿರಬೇಕು, ಹಿಟ್ಟು ಬೀಸಿರಬೇಕು. ಏಳನೇ ಮಣಿಗೆ ಬರುವಾಗ ನಿಮಗೇ ನಿಮ್ಮ ಚಿಕ್ಕಮ್ಮನ ನೆನಪಾಗುತ್ತದೆ, ಮಂಡಿ ಆಪರೇಷನ್ ಆಗಿ ಒಬ್ಬರೇ ಇದ್ದಾರೆ, ನೋಡಿಕೊಂಡು ಬರಲು ನಿಮಗಿನ್ನೂ ಆಗಿಲ್ಲ. ಮನಸ್ಸು ಎಲ್ಲೋ ಹೋಯಿತು ಎಂದು ಬೈದುಕೊಳ್ಳಬೇಡಿ. ಜಪಸರ ನಿಮ್ಮನ್ನು ಅಲ್ಲಿಗೇ ಕರೆದುಕೊಂಡು ಹೋಗಬೇಕಿತ್ತು. ಮುಗಿದ ಮೇಲೆ ಫೋನ್ ಮಾಡಿ.

ಮನೆಯವರೆಲ್ಲ ಸೇರಿ ಮಾಡುವುದಾದರೆ ಕೆಲವು ಸಲಹೆಗಳು.

ಟೈಮ್ ಸ್ಥಿರವಾಗಿರಲಿ. ಊಟಕ್ಕೆ ಮೊದಲು ಇಡುವುದು ಒಳ್ಳೆಯದು, ಊಟ ಆದಮೇಲೆ ತೂಕಡಿಕೆ. ಟಿವಿಯನ್ನು ಮ್ಯೂಟ್ ಮಾಡಿದರೆ ಸಾಲದು, ಆಫ್ ಮಾಡಿ. ಒಂದೊಂದು ದಶಕವನ್ನು ಒಬ್ಬೊಬ್ಬರು ನಡೆಸಲಿ. ಆರು ವರ್ಷದ ಮಗು ತಪ್ಪು ತಪ್ಪಾಗಿ ಹೇಳಿದರೂ ಮಧ್ಯದಲ್ಲಿ ತಿದ್ದಬೇಡಿ. ಶುರುವಿನಲ್ಲಿ "ಇವತ್ತು ಯಾರಿಗಾಗಿ ಬೇಡೋಣ?" ಎಂದು ಮಕ್ಕಳನ್ನೇ ಕೇಳಿ. ಕ್ಲಾಸಿನ ಗೆಳೆಯನ ಮುರಿದ ಕೈ, ಪಕ್ಕದ ಮನೆಯ ನಾಯಿಮರಿ, ಎಲ್ಲ ಬರುತ್ತದೆ. ಬರಲಿ.

ದೊಡ್ಡ ಮಕ್ಕಳನ್ನು ಬೈದು ಮಂಡಿಯೂರಿಸಬೇಡಿ. ಹದಿನೇಳು ವರ್ಷದ ಮಗ ಬರಲ್ಲ ಅಂದರೆ ಒಂದು ದಶಕಕ್ಕಾದರೂ ಬಾ ಎಂದು ಕರೆಯಿರಿ. ಬಾರದಿದ್ದರೂ ನೀವು ಅವನ ಹೆಸರು ಹೇಳಿ ಮುಂದುವರಿಸಿ. ಪ್ರಾರ್ಥನೆಯನ್ನು ಶಿಕ್ಷೆ ಮಾಡಿದ ಮನೆಗಳ ಮಕ್ಕಳು ಹಾಸ್ಟೆಲ್ ಸೇರಿದ ದಿನವೇ ಬಿಟ್ಟುಬಿಟ್ಟದ್ದನ್ನು ಕಂಡಿದ್ದೇನೆ. ಅದು ನೋವಿನ ವಿಷಯ.

ಮುಗಿದ ಮೇಲೆ ದೊಡ್ಡವರು ಮಕ್ಕಳ ಹಣೆಗೆ ಹೆಬ್ಬೆರಳಿನಿಂದ ಶಿಲುಬೆ ಗುರುತು ಹಾಕಿ. ಮಂಗಳೂರು ಕಡೆಯ ಕೊಂಕಣಿ ಮನೆಗಳಲ್ಲಿ ಮಕ್ಕಳು ಹಿರಿಯರ ಹತ್ತಿರ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವ ಪದ್ಧತಿ ಈಗಲೂ ಇದೆ. ನೀವು ಯಾವ ಭಾಷೆಯವರಾದರೂ ಇದೊಂದನ್ನು ಬಿಡಬೇಡಿ. ಮಗಳು ಮದುವೆಯಾಗಿ ಹೋಗುವ ದಿನವೂ ಆ ಹೆಬ್ಬೆರಳನ್ನು ಹುಡುಕುತ್ತಾಳೆ.

5. ಹತ್ತು ನಿಮಿಷ ಬೈಬಲ್

ಆದಿಕಾಂಡದಿಂದ ಶುರು ಮಾಡಿದವರಲ್ಲಿ ಹೆಚ್ಚಿನವರು ಯಾಜಕಕಾಂಡದ ನಿಯಮಗಳ ಹತ್ತಿರ ನಿಲ್ಲಿಸುತ್ತಾರೆ. ಮಾರ್ಕನ ಶುಭಸಂದೇಶದಿಂದ ಶುರು ಮಾಡಿ. ನಾಲ್ಕು ಶುಭಸಂದೇಶಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಅರ್ಧ ಅಧ್ಯಾಯ ಓದಿದರೆ ಒಂದು ತಿಂಗಳಿಗೆ ಮುಗಿಯುತ್ತದೆ. ಇಲ್ಲವೇ ಆ ದಿನದ ಪೂಜೆಯ ಶುಭಸಂದೇಶ ಓದಿ.

ಓದುವ ರೀತಿಗೆ ಲೆಕ್ಸಿಯೊ ದಿವಿನಾ ಎಂಬ ಹಳೆಯ ಹೆಸರಿದೆ. ಲ್ಯಾಟಿನ್‌ನಲ್ಲಿ ದೈವಿಕ ಓದು ಎಂದರ್ಥ. ಹೆಸರು ಕೇಳಿ ಹೆದರಬೇಡಿ. ನಿಧಾನವಾಗಿ ಎರಡು ಸಲ ಓದಿ. ಮನಸ್ಸಿಗೆ ತಾಗಿದ ಒಂದು ಪದದ ಹತ್ತಿರ ನಿಲ್ಲಿ. ಅದರ ಬಗ್ಗೆ ದೇವರ ಜೊತೆ ಮಾತಾಡಿ. ಆಮೇಲೆ ಸುಮ್ಮನಿರಿ. ಆ ಪದವನ್ನು ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಲ್ಲಿ ಬರೆದಿಡಿ, ಹಾಲಿನ ಲೆಕ್ಕದ ಪಕ್ಕದಲ್ಲೇ.

6. ಮಲಗುವ ಮೊದಲು ಆತ್ಮಶೋಧನೆ

1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡ ಸೈನಿಕರೊಬ್ಬರು ಮುಂದೆ ಸಂತ ಇಗ್ನೇಷಿಯಸ್ ಆದರು, ಯೇಸುಸಭೆ ಎಂಬ ಜೆಸ್ವಿಟ್ ಸಂಸ್ಥೆಯನ್ನು ಕಟ್ಟಿದರು. ಅವರು ಕಲಿಸಿದ ಐದು ನಿಮಿಷದ ಪಾಠ ಇದು. ಇವತ್ತಿನ ಒಳ್ಳೆಯದಕ್ಕೆ ಧನ್ಯವಾದ ಹೇಳಿ. ಬೆಳಕು ಕೊಡಿ ಎಂದು ಪವಿತ್ರಾತ್ಮರನ್ನು ಕೇಳಿ. ಎದ್ದಾಗಿನಿಂದ ಈಗಿನವರೆಗಿನ ದಿನವನ್ನು ಮನಸ್ಸಿನಲ್ಲೇ ಓಡಿಸಿ. ತಪ್ಪಿದ ಕಡೆ ಕ್ಷಮೆ ಕೇಳಿ. ನಾಳೆಯ ಒಂದು ವಿಷಯಕ್ಕೆ ಸಹಾಯ ಬೇಡಿ.

ಧನ್ಯವಾದವನ್ನು ಹಾರಿಸಿ ನೇರವಾಗಿ ತಪ್ಪಿಗೆ ಹೋಗಬೇಡಿ. ಹಾಗೆ ಮಾಡಿದರೆ ದಿನಾ ರಾತ್ರಿ ನಿಮ್ಮನ್ನು ನೀವೇ ಬೈದುಕೊಂಡು ಮಲಗಿದಂತಾಗುತ್ತದೆ. ಮಧ್ಯದಲ್ಲೇ ನಿದ್ದೆ ಬಂತೇ? ಲಿಸ್ಯೂದ ಪುಟ್ಟ ತೆರೇಸಮ್ಮನವರಿಗೂ ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತಿತ್ತು. ನಿದ್ದೆ ಹೋದ ಮಗುವೂ ತಂದೆತಾಯಿಗೆ ಅಷ್ಟೇ ಮುದ್ದು ಎಂದು ಅವರು ಸಮಾಧಾನ ಮಾಡಿಕೊಂಡರು.

7. ಶುಕ್ರವಾರ ಮತ್ತು ಭಾನುವಾರ

ಶುಕ್ರವಾರ ಯೇಸು ಪ್ರಾಣ ಕೊಟ್ಟ ದಿನ, ಆದ್ದರಿಂದ ಮಾಂಸ ಬಿಡುವ ಪದ್ಧತಿ. ಧರ್ಮಸಭೆಯ ಕಾನೂನಿನಲ್ಲಿ ಇದು 14 ತುಂಬಿದವರಿಗೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸವೂ ಸೇರುತ್ತದೆ, 18ರಿಂದ 59 ವರ್ಷದವರೆಗೆ. ಒಂದು ಪೂರ್ತಿ ಊಟ, ಬೇಕಿದ್ದರೆ ಎರಡು ಸಣ್ಣ ಫಲಾಹಾರ. ಕಾಯಿಲೆಯವರು, ಬಸುರಿಯರು, ಬಾಣಂತಿಯರು ಇದರಿಂದ ಹೊರಗೆ. ಸಕ್ಕರೆ ಕಾಯಿಲೆ ಇದ್ದೂ ಹಟದಿಂದ ಉಪವಾಸ ಮಾಡಿ ತಲೆ ತಿರುಗಿ ಬೀಳುವುದು ಭಕ್ತಿಯಲ್ಲ. ಮಟನ್ ಬಿಟ್ಟು ಅದರ ಎರಡರಷ್ಟು ದುಡ್ಡಿಗೆ ಅಂಜಲ್ ಮೀನು ತಂದು ಹುರಿದರೆ ಕಾನೂನು ಉಳಿಯುತ್ತದೆ, ಅರ್ಥ ಉಳಿಯುವುದಿಲ್ಲ. ಉಳಿಸಿದ ದುಡ್ಡು ಹಸಿದವರಿಗೆ ಹೋಗಲಿ.

ಭಾನುವಾರದ ಬಲಿಪೂಜೆ ವಾರದ ನಡುಗಂಬ. ಶನಿವಾರ ಸಂಜೆಯ ಪೂಜೆಗೆ ಹೋದರೂ ಭಾನುವಾರದ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಒಂದೇ ಚರ್ಚಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಪೂಜೆ ಬೇರೆ ಬೇರೆ ಹೊತ್ತಿಗೆ ಇರುತ್ತದೆ, ವೇಳಾಪಟ್ಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು. ನೀರು, ಔಷಧಿ ಅಡ್ಡಿಯಿಲ್ಲ. ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರೆ ಹೋಗಲಾಗದ್ದು ಪಾಪವಲ್ಲ. ಗುರುಗಳಿಗೆ ತಿಳಿಸಿ, ಪರಮಪ್ರಸಾದ ಮನೆಗೇ ಬರುತ್ತದೆ. ಆರೋಗ್ಯವಾಗಿದ್ದು ಯೂಟ್ಯೂಬ್ ಪೂಜೆ ನೋಡಿದರೆ ಮಾತ್ರ ಅದು ಸಾಲುವುದಿಲ್ಲ.

ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಮರಿಯಮ್ಮನ ಹಬ್ಬ, ಜೂನ್ 13ಕ್ಕೆ ದೋರನಹಳ್ಳಿ ಅಂತೋಣಿಯವರ ಹಬ್ಬ, ಜನವರಿಯಲ್ಲಿ ಅತ್ತೂರಿನ ಸಂತ ಲಾರೆನ್ಸರ ಹಬ್ಬ. ಹೋಗಿ, ಹರಕೆ ತೀರಿಸಿ, ಕಣ್ತುಂಬ ನೋಡಿ ಬನ್ನಿ. ಅಲ್ಲಿಂದ ತಂದ ಮೇಣದಬತ್ತಿಯನ್ನು ಮನೆಯ ಪ್ರಾರ್ಥನೆಗೆ ಹಚ್ಚಿ.

8. ಬಹಳ ವರ್ಷದ ಮೇಲೆ ಪಾಪನಿವೇದನೆ

ಪಾಪನಿವೇದನೆ ಅಂದರೆ ಗುರುಗಳ ಮುಂದೆ ಪಾಪ ಹೇಳಿ ಕ್ಷಮೆ ಪಡೆಯುವುದು. ಇದರ ಬಗ್ಗೆ ಯಾರೂ ಜೋರಾಗಿ ಕೇಳುವುದಿಲ್ಲ. ಎಲ್ಲರೂ ಹೋದಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ, ತಗ್ಗಿದ ದನಿಯಲ್ಲಿ ಕೇಳುತ್ತಾರೆ. "ಹನ್ನೆರಡು ವರ್ಷ ಆಯ್ತು. ಈಗ ಹೋದರೆ ಫಾದರ್ ಬೈತಾರಾ?"

ಹೋಗಿ. ಹೆಚ್ಚಿನ ಚರ್ಚುಗಳಲ್ಲಿ ಪೂಜೆಗೆ ಅರ್ಧ ಗಂಟೆ ಮೊದಲು ಸಿಗುತ್ತಾರೆ, ಇಲ್ಲದಿದ್ದರೆ ಆಫೀಸಿನಲ್ಲಿ ಕೇಳಿ. ಪರಿಚಯದ ಗುರುಗಳ ಮುಂದೆ ಮುಜುಗರವಾದರೆ ಬೇರೆ ಚರ್ಚಿಗೆ ಹೋಗಬಹುದು. ಜಾಲರಿಯ ಹಿಂದೆ ಮಂಡಿಯೂರಿ, ಮುಖ ತೋರಿಸದೆಯೂ ಮಾಡಬಹುದು. ನೀವು ಹೇಳಿದ್ದನ್ನು ಗುರು ಯಾರಿಗೂ ಹೇಳುವಂತಿಲ್ಲ, ಪೊಲೀಸರಿಗಾಗಲಿ ಧರ್ಮಾಧ್ಯಕ್ಷರಿಗಾಗಲಿ. ಆ ಗುಟ್ಟನ್ನು ನೇರವಾಗಿ ಒಡೆದ ಗುರುವಿಗೆ ಧರ್ಮಸಭೆಯಿಂದ ಬಹಿಷ್ಕಾರವೇ ಶಿಕ್ಷೆ.

ಹಿಂದಿನ ರಾತ್ರಿ ದೇವರ ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿ ನೆನಪು ಮಾಡಿಕೊಳ್ಳಿ. ಚೀಟಿಯಲ್ಲಿ ಬರೆದುಕೊಂಡು ಹೋದರೂ ಸರಿ, ಆಮೇಲೆ ಹರಿದುಹಾಕಿ. ಒಳಗೆ ಹೋದಾಗ ಮೊದಲ ಮಾತು ಹೀಗಿರಲಿ: "ಫಾದರ್, ನಾನು ಪಾಪನಿವೇದನೆ ಮಾಡಿ ಹನ್ನೆರಡು ವರ್ಷ ಆಯಿತು. ಕ್ರಮ ಮರೆತಿದೆ. ಸಹಾಯ ಮಾಡಿ." ಇಷ್ಟು ಹೇಳಿದರೆ ಮುಂದಿನದನ್ನು ಅವರೇ ನಡೆಸುತ್ತಾರೆ.

ನಿಮ್ಮ ಪಾಪ ಹೇಳಿ, ಬೇರೆಯವರದಲ್ಲ. "ಅತ್ತೆ ಹೀಗಂದರು, ಅದಕ್ಕೆ ನಾನು ಹಾಗಂದೆ" ಎಂದು ಕಥೆ ಬೇಡ. "ಅತ್ತೆಗೆ ಕೆಟ್ಟ ಮಾತಾಡಿದೆ, ಎಂಟು ತಿಂಗಳಿಂದ ಮಾತು ಬಿಟ್ಟಿದ್ದೇನೆ." ಅಷ್ಟೇ. ಅತಿ ಭಾರವಾದದ್ದನ್ನು ಮೊದಲೇ ಹೇಳಿಬಿಡಿ. ಕೊನೆಗೆ ಉಳಿಸಿಕೊಂಡರೆ ಗಂಟಲಲ್ಲೇ ಉಳಿಯುತ್ತದೆ. ಗಂಭೀರ ಪಾಪವನ್ನು ಬೇಕೆಂದೇ ಮುಚ್ಚಿಟ್ಟರೆ ಪಾಪನಿವೇದನೆ ಸಿಂಧುವಾಗುವುದಿಲ್ಲ, ಮರೆತದ್ದಾದರೆ ಚಿಂತೆ ಬೇಡ. ಪಶ್ಚಾತ್ತಾಪದ ಜಪ ಬಾಯಿಗೆ ಬರದಿದ್ದರೆ ನಿಮ್ಮದೇ ಮಾತಿನಲ್ಲಿ ಕ್ಷಮೆ ಕೇಳಿ. ಅಳು ಬಂದರೆ ಅಳಿ, ಅವರು ಕಾಯುತ್ತಾರೆ.

ಗುರುಗಳು ಪ್ರಾಯಶ್ಚಿತ್ತವಾಗಿ ಒಂದೆರಡು ಪ್ರಾರ್ಥನೆ ಹೇಳಲು ತಿಳಿಸುತ್ತಾರೆ. ಮನೆಗೆ ಹೋಗಿ ಹೇಳೋಣ ಅಂದುಕೊಳ್ಳಬೇಡಿ, ದಾರಿಯಲ್ಲೇ ಮರೆತುಹೋಗುತ್ತದೆ. ಹೊರಗೆ ಬಂದ ತಕ್ಷಣ ಹತ್ತಿರದ ಬೆಂಚಿನಲ್ಲಿ ಕೂತು ಮುಗಿಸಿಬಿಡಿ. ಆಮೇಲೆ ಅತ್ತೆಗೆ ಫೋನ್ ಮಾಡಿ.